ಬಳಿಯುವ ಕೈಯ ಮದ್ದು

ಒಂದು ಗ್ಯಾಲನ್ ಬಿಳಿ ಬಣ್ಣಕ್ಕೆ ಒಂದು ಪಿಂಟ್ ಕೆಂಪು. ಅಂದರೆ ಎಂಟು ಪಾಲಿಗೆ ಒಂದು ಪಾಲು. 1979ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿದ್ದ ನೌಕಾಪಡೆಯ ಸೆರೆಮನೆಯ ಒಂದು ಕೋಣೆಗೆ ಈ ಅಳತೆಯಲ್ಲಿ ಕಲಸಿದ ಗುಲಾಬಿ ಬಣ್ಣ ಬಳಿದರು. ಹೊಸದಾಗಿ ಬಂದ ಕೈದಿಯನ್ನು ಸ್ವಲ್ಪ ಹೊತ್ತು ಅದರೊಳಗೆ ಕೂರಿಸಿದರೆ ಅವನ ಆರ್ಭಟ ತಾನಾಗಿ ಇಳಿಯುತ್ತದೆ ಎಂಬುದು ಅಲೆಕ್ಸಾಂಡರ್ ಶಾಸ್ ಎಂಬ ಸಂಶೋಧಕರ ವಾದ. ಅಲ್ಲಿನ ಇಬ್ಬರು ಅಧಿಕಾರಿಗಳ ಹೆಸರಿನಿಂದಲೇ ಅದು ‘ಬೇಕರ್-ಮಿಲ್ಲರ್ ಗುಲಾಬಿ’ ಎನಿಸಿಕೊಂಡಿತು. ಗಲಾಟೆ ತಗ್ಗಿತು ಎಂಬ ಸುದ್ದಿ ಬಂದದ್ದೇ ತಡ, ಬೇರೆ ಸೆರೆಮನೆಗಳವರೂ ಬ್ರಷ್ ಹಿಡಿದರು.

ಆಮೇಲೆ ಸ್ವಿಟ್ಜರ್ಲೆಂಡಿನ ಸೆರೆಮನೆಯೊಂದರಲ್ಲಿ ಇದನ್ನು ಒರೆಗೆ ಹಚ್ಚಿದರು. ಕೆಲವು ಕೈದಿಗಳಿಗೆ ಗುಲಾಬಿ ಕೋಣೆ, ಕೆಲವರಿಗೆ ಬಿಳಿ ಕೋಣೆ. ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ದಿನ ಕಳೆದಂತೆ ಕೈದಿಗಳ ರೋಷ ಕಡಿಮೆಯಾದದ್ದು ನಿಜ. ಆದರೆ ಬಿಳಿ ಕೋಣೆಯಲ್ಲಿದ್ದವರದೂ ಅಷ್ಟೇ ಕಡಿಮೆಯಾಗಿತ್ತು. ಸಿಟ್ಟನ್ನು ಇಳಿಸಿದ್ದು ಕಾಲ. ಹೆಸರು ಹೊತ್ತುಕೊಂಡದ್ದು ಬಣ್ಣ.

‘ನೀಲಿ ನೆಮ್ಮದಿಗೆ, ಹಸಿರು ಆರೋಗ್ಯಕ್ಕೆ, ಹಳದಿ ಉಲ್ಲಾಸಕ್ಕೆ’ ಎಂಬ ಪಟ್ಟಿಗಳನ್ನು ನಾವೆಲ್ಲ ಓದಿರುತ್ತೇವೆ. ಬಣ್ಣಕ್ಕೂ ಭಾವಕ್ಕೂ ನಂಟಿಲ್ಲ ಎನ್ನುವಂತಿಲ್ಲ. ನಮ್ಮ ಮಾತಿನಲ್ಲೇ ಸಿಟ್ಟಿಗೆ ಕಣ್ಣು ಕೆಂಪಾಗುತ್ತದೆ, ಅವಮಾನಕ್ಕೆ ಮುಖ ಕಪ್ಪಿಡುತ್ತದೆ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ 30 ದೇಶಗಳ 4,598 ಜನರನ್ನು ಕೇಳಿದಾಗ, ಯಾವ ಬಣ್ಣಕ್ಕೆ ಯಾವ ಭಾವ ಎಂಬುದರಲ್ಲಿ ಅವರ ಉತ್ತರಗಳು ಬಹುಮಟ್ಟಿಗೆ ಒಂದನ್ನೊಂದು ಹೋಲುತ್ತಿದ್ದವು. ಕಪ್ಪೆಂದರೆ ದುಃಖ, ಕೆಂಪೆಂದರೆ ಪ್ರೀತಿಯೂ ಹೌದು, ಸಿಟ್ಟೂ ಹೌದು. ಆದರೆ ಅವರ ಮುಂದಿಟ್ಟದ್ದು ಬಣ್ಣಗಳನ್ನಲ್ಲ, ಬಣ್ಣಗಳ ಹೆಸರುಗಳನ್ನು. ಅಳೆದದ್ದು ಮನಸ್ಸಿನಲ್ಲಿರುವ ನಂಟನ್ನೇ ಹೊರತು ಗೋಡೆಯ ಬಣ್ಣ ಮೈಮೇಲೆ ಮಾಡುವ ಪರಿಣಾಮವನ್ನಲ್ಲ. ಕುಂಕುಮದಲ್ಲಿ ಮಂಗಳವಾದ ಕೆಂಪು ಸಿಗ್ನಲ್ ಕಂಬದಲ್ಲಿ ಅಪಾಯವಾಗುವುದು ಈ ನಂಟು ಎಷ್ಟು ಸಡಿಲ ಎಂಬುದಕ್ಕೆ ಸಾಕ್ಷಿ.

ದೇಹದ ಮೇಲೆ ನೇರ ಪ್ರಭಾವ ಬೀರುವ ಬಣ್ಣವೊಂದಿದೆ: ನೀಲಿ ಬೆಳಕು. ಕಣ್ಣಿನ ರೆಟಿನಾದಲ್ಲಿ ಮೆಲನೊಪ್ಸಿನ್ ಎಂಬ ವರ್ಣದ್ರವ್ಯವಿರುವ ಕೆಲವು ಕೋಶಗಳು ಸುಮಾರು 480 ನ್ಯಾನೋಮೀಟರ್ ಅಲೆಯುದ್ದದ ಬೆಳಕಿಗೆ ಹೆಚ್ಚು ಸ್ಪಂದಿಸಿ, ‘ಹಗಲಾಗಿದೆ’ ಎಂದು ಮಿದುಳಿನ ಗಡಿಯಾರಕ್ಕೆ ಸುದ್ದಿ ಮುಟ್ಟಿಸುತ್ತವೆ. ರಾತ್ರಿ ಹೊತ್ತು ಇಂಥ ಬೆಳಕು ಕಣ್ಣಿಗೆ ಬಿದ್ದರೆ ನಿದ್ದೆ ಮುಂದಕ್ಕೆ ಹೋಗುವುದು ಇದೇ ಕಾರಣಕ್ಕೆ. ಅದು ಬೆಳಕಿನ ಕೆಲಸ. ಮಲಗುವ ಕೋಣೆಗೆ ನೀಲಿ ಡಿಸ್ಟೆಂಪರ್ ಹೊಡೆಸಿದರೆ ಮನಸ್ಸು ಹಗುರಾಗುತ್ತದೆ ಎನ್ನಲು ಇದು ಆಧಾರವಾಗದು.

ಹಾಗಾದರೆ ಬಣ್ಣದ ಚಿಕಿತ್ಸೆ ಎಂಬುದೆಲ್ಲ ಸುಳ್ಳೇ? ಅಲ್ಲ. ಗೋಡೆಯನ್ನು ಬಿಟ್ಟು ಕೈಯ ಕಡೆಗೆ ನೋಡಬೇಕು.

1938ರಲ್ಲಿ ಏಡ್ರಿಯನ್ ಹಿಲ್ ಎಂಬ ಬ್ರಿಟಿಷ್ ಕಲಾವಿದರು ಕ್ಷಯ ಹಿಡಿದು ಸಸೆಕ್ಸ್‌ನ ಮಿಡ್‌ಹರ್ಸ್ಟ್‌ನಲ್ಲಿದ್ದ ಸ್ಯಾನಟೋರಿಯಂ ಸೇರಿದರು. ಕ್ಷಯದ ಮದ್ದು ಸ್ಟ್ರೆಪ್ಟೋಮೈಸಿನ್ ಇನ್ನೂ ಬಂದಿರಲಿಲ್ಲ. ಚಿಕಿತ್ಸೆಯೆಂದರೆ ತಿಂಗಳುಗಟ್ಟಲೆ ಹಾಸಿಗೆ ಹಿಡಿದು ಮಲಗುವುದು, ಚಾವಣಿ ನೋಡುವುದು. ಹೊತ್ತು ಹೋಗದೆ ಹಿಲ್ ಮಂಚದ ಪಕ್ಕದಲ್ಲಿದ್ದ ಸಾಮಾನುಗಳನ್ನೇ ಬರೆಯತೊಡಗಿದರು. ಗುಣವಾಗಲು ಇದು ತಮಗೆ ನೆರವಾಗುತ್ತಿದೆ ಎನಿಸಿತು. ಉಳಿದ ರೋಗಿಗಳಿಗೂ, ಯುದ್ಧದಲ್ಲಿ ಗಾಯಗೊಂಡು ಬಂದ ಸೈನಿಕರಿಗೂ ಪೆನ್ಸಿಲ್ ಕೊಟ್ಟರು. 1942ರಲ್ಲಿ ಈ ಕೆಲಸಕ್ಕೆ ಅವರಿಟ್ಟ ಹೆಸರೇ ‘ಆರ್ಟ್ ಥೆರಪಿ’.

ಅದೇ ವರ್ಷ ಡಿಸೆಂಬರಿನಲ್ಲಿ ನಾಜಿಗಳು ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಎಂಬ ಕಲಾವಿದೆಯನ್ನು ಚೆಕ್ ನಾಡಿನ ಟೆರೆಜೀನ್ ಶಿಬಿರಕ್ಕೆ ಸಾಗಿಸಿದರು. ಅಲ್ಲಿ ಅವರು ಮಕ್ಕಳಿಗೆ ಚಿತ್ರ ಕಲಿಸಿದರು. ಒಳ್ಳೆಯ ಕಾಗದಕ್ಕೆ ಗತಿಯಿಲ್ಲದೆ, ಬಳಸಿ ಬಿಸಾಡಿದ ಕಚೇರಿ ಕಾಗದಗಳ ಬೆನ್ನ ಮೇಲೂ ಮಕ್ಕಳು ಬರೆದರು: ಬಿಟ್ಟು ಬಂದ ಮನೆ, ಹೂವು, ಚಿಟ್ಟೆ. ಪ್ರತಿ ಮಗುವೂ ತನ್ನ ಚಿತ್ರಕ್ಕೆ ತನ್ನ ಹೆಸರು ಹಾಕಬೇಕೆಂದು ಅವರು ಹೇಳುತ್ತಿದ್ದರು. ಶಿಬಿರದ ಕಡತಕ್ಕೆ ಬರೀ ಒಂದು ಸಂಖ್ಯೆಯಾಗಿದ್ದ ಮಗುವಿಗೆ ಆ ಸಹಿ ಸಣ್ಣ ಸಂಗತಿಯಾಗಿರಲಿಲ್ಲ. 1944ರ ಅಕ್ಟೋಬರಿನಲ್ಲಿ ಫ್ರೀಡ್ಲ್ ಅವರನ್ನು ಆಶ್‌ವಿಟ್ಸ್‌ನಲ್ಲಿ ಕೊಂದರು. ಆ ಮಕ್ಕಳಲ್ಲಿಯೂ ಹೆಚ್ಚಿನವರು ಉಳಿಯಲಿಲ್ಲ. ಎರಡು ಸೂಟ್‌ಕೇಸುಗಳಲ್ಲಿ ಬಚ್ಚಿಟ್ಟಿದ್ದ ಸುಮಾರು 4,500 ಚಿತ್ರಗಳು ಉಳಿದವು. ಇಂದು ಪ್ರಾಗ್‌ನ ಯಹೂದಿ ವಸ್ತುಸಂಗ್ರಹಾಲಯದಲ್ಲಿವೆ. ಫ್ರೀಡ್ಲ್ ಅವರ ಶಿಷ್ಯೆ ಈಡಿತ್ ಕ್ರೇಮರ್ 1938ರಲ್ಲೇ ನ್ಯೂಯಾರ್ಕಿಗೆ ತಪ್ಪಿಸಿಕೊಂಡಿದ್ದರು. ಗುರುವಿನಿಂದ ಕಲಿತದ್ದನ್ನು ಅಲ್ಲಿ ನೊಂದ ಮಕ್ಕಳ ನಡುವೆ ಮುಂದುವರಿಸಿ, ಕಲಾ ಚಿಕಿತ್ಸೆಗೆ ಶಾಸ್ತ್ರದ ಬುನಾದಿ ಹಾಕಿದವರಲ್ಲಿ ಒಬ್ಬರಾದರು.

ಈ ಕತೆಗಳು ಮನಸ್ಸು ಕಲಕುತ್ತವೆ, ಸರಿ. ಪ್ರಯೋಗಾಲಯ ಏನನ್ನುತ್ತದೆ? ಫಿಲಡೆಲ್ಫಿಯಾದ ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ ಗಿರಿಜಾ ಕೈಮಲ್ ಮತ್ತು ಸಂಗಡಿಗರು 39 ವಯಸ್ಕರಿಗೆ ಮಾರ್ಕರ್ ಪೆನ್ನು, ಜೇಡಿಮಣ್ಣು, ಕತ್ತರಿಸಿ ಅಂಟಿಸಲು ಕಾಗದ ಕೊಟ್ಟು, 45 ನಿಮಿಷ ಬೇಕಾದ್ದು ಮಾಡಿ ಎಂದರು. ಮೊದಲೂ ಕೊನೆಗೂ ಜೊಲ್ಲಿನ ಮಾದರಿ ತೆಗೆದು ಅದರಲ್ಲಿದ್ದ ಕಾರ್ಟಿಸಾಲ್ ಅಳೆದರು. ಒತ್ತಡಕ್ಕೆ ಸಿಕ್ಕಾಗ ಮೂತ್ರಪಿಂಡದ ನೆತ್ತಿಯ ಮೇಲಿನ ಗ್ರಂಥಿ ಸ್ರವಿಸುವ ಹಾರ್ಮೋನ್ ಅದು. ಸುಮಾರು ಮುಕ್ಕಾಲು ಪಾಲು ಜನರಲ್ಲಿ ಅದರ ಮಟ್ಟ ಇಳಿದಿತ್ತು. ಮೊದಲೇ ಚಿತ್ರ ಬರೆದು ರೂಢಿಯಿದ್ದವರು, ಬ್ರಷ್ ಮುಟ್ಟದವರು ಎಂಬ ಭೇದ ಅಲ್ಲಿ ಕಾಣಲಿಲ್ಲ. 2016ರ ಈ ಅಧ್ಯಯನಕ್ಕೆ ಮಿತಿಯೂ ಉಂಟು. ಕಾರ್ಟಿಸಾಲ್ ಬೆಳಿಗ್ಗೆ ಏರಿ, ಹೊತ್ತು ಕಳೆದಂತೆ ತಾನೇ ಇಳಿಯುವಂಥದು; ಹೋಲಿಸಿ ನೋಡಲು ಚಿತ್ರ ಬರೆಯದ ಇನ್ನೊಂದು ಗುಂಪು ಇರಲಿಲ್ಲ. ಗುಲಾಬಿ ಕೋಣೆಗೆ ಹಿಡಿದ ಒರೆಗಲ್ಲನ್ನು ಇದಕ್ಕೂ ಹಿಡಿಯಬೇಕಲ್ಲ! ಹಾಗಾಗಿ ಇದು ಒಳ್ಳೆಯ ಸುಳಿವು, ಅಷ್ಟೇ.

ಹೋಲಿಕೆಯ ಗುಂಪುಗಳಿದ್ದ ಪ್ರಯೋಗ 2005ರದು. 84 ವಿದ್ಯಾರ್ಥಿಗಳಿಗೆ ಮೊದಲು ತಾವು ತುಂಬ ಹೆದರಿದ ಸಂದರ್ಭವನ್ನು ನೆನೆದು ಬರೆಯಲು ಹೇಳಿ ಆತಂಕ ಏರಿಸಿದರು. ಬಳಿಕ 20 ನಿಮಿಷ ಬಣ್ಣದ ಕೆಲಸ: ಕೆಲವರಿಗೆ ಮಂಡಲದ ವಿನ್ಯಾಸ, ಕೆಲವರಿಗೆ ಚೌಕುಳಿ, ಉಳಿದವರಿಗೆ ಖಾಲಿ ಹಾಳೆ. ಮಂಡಲ, ಚೌಕುಳಿ ತುಂಬಿದವರ ಆತಂಕ ಇಳಿಯಿತು; ಖಾಲಿ ಹಾಳೆಯವರದು ಇಳಿಯಲಿಲ್ಲ. ಕಳವಳದ ಹೊತ್ತಿನಲ್ಲಿ ಖಾಲಿ ಹಾಳೆಯೇ ಒಂದು ಪ್ರಶ್ನೆಪತ್ರಿಕೆಯಾಗುತ್ತದೆ. ಗೆರೆ ಹಾಕಿಟ್ಟ ಹಾಳೆ ಕೈಗೆ ಕೆಲಸ ಕೊಟ್ಟು ಮನಸ್ಸಿಗೆ ಬಿಡುವು ಕೊಡುತ್ತದೆ.

ಓದುವಾಗ ರಂಗೋಲಿ ನೆನಪಾಗದೆ ಇರದು. 15 ಚುಕ್ಕಿ, 8ರವರೆಗೆ, ಸಂದು ಚುಕ್ಕಿ: ಮೊದಲು ಎಣಿಕೆ, ಆಮೇಲೆ ಎಳೆ, ಕೊನೆಗೆ ಬಣ್ಣ. ಒಂದು ಚುಕ್ಕಿ ತಪ್ಪಿದರೂ ಎಳೆ ಕೂಡಿಕೊಳ್ಳದು. ಆ ಹೊತ್ತಿನಲ್ಲಿ ನಿನ್ನೆಯ ಜಗಳಕ್ಕೆ ಮನಸ್ಸಿನಲ್ಲಿ ಜಾಗವಿರುವುದಿಲ್ಲ. ಮಧ್ಯಾಹ್ನದೊಳಗೆ ಯಾರೋ ತುಳಿದು ಹೋಗುತ್ತಾರೆ. ಆದ್ದರಿಂದ ಚಿತ್ರ ಹೇಗೆ ಬಂತೋ ಎಂಬ ಚಿಂತೆಯೂ ಉಳಿಯದು.

ಒಳಗಿನ ನೋವನ್ನೆಲ್ಲ ಹಾಳೆಯ ಮೇಲೆ ಕಾರಿಬಿಟ್ಟರೆ ಹಗುರ ಎಂಬ ನಂಬಿಕೆಯನ್ನೂ ಪರೀಕ್ಷಿಸಿದ್ದಾರೆ. 2008ರ ಪ್ರಯೋಗವೊಂದರಲ್ಲಿ ಮನ ಕಲಕುವ ಚಲನಚಿತ್ರ ತೋರಿಸಿ, ಕೆಲವರಿಗೆ ಆ ದುಗುಡವನ್ನೇ ಚಿತ್ರಿಸಲು, ಕೆಲವರಿಗೆ ಸಂತೋಷದ ಏನನ್ನಾದರೂ ಚಿತ್ರಿಸಲು ಹೇಳಿದರು. ಸಂತೋಷವನ್ನು ಬರೆದವರೇ ಹೆಚ್ಚು ಚೇತರಿಸಿಕೊಂಡರು. ಟೆರೆಜೀನ್‌ನ ಮಕ್ಕಳು ಮುಳ್ಳುಬೇಲಿಯ ಒಳಗೆ ಚಿಟ್ಟೆ ಬರೆದದ್ದರಲ್ಲಿ ಅರ್ಥವಿತ್ತು.

ಆದರೂ ಕಲೆಯನ್ನು ಸರ್ವರೋಗ ಪರಿಹಾರಿ ಮಾಡಬಾರದು. ಬ್ರಿಟನ್ನಿನಲ್ಲಿ ಸ್ಕಿಜೋಫ್ರೇನಿಯಾ ಇರುವ 417 ಜನರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ, ಎಂದಿನ ಚಿಕಿತ್ಸೆಯ ಜೊತೆಗೆ ಗುಂಪಿನಲ್ಲಿ ಕಲಾ ಚಿಕಿತ್ಸೆ ಕೊಟ್ಟದ್ದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಕರೆದವರಲ್ಲಿ ಬಹಳ ಜನ ತರಗತಿಗೇ ಬರಲಿಲ್ಲ. ಹಾಗೆಯೇ, ತರಬೇತಿ ಪಡೆದ ಕಲಾ ಚಿಕಿತ್ಸಕರು ಚಿತ್ರವನ್ನು ಜಾತಕದಂತೆ ಓದುವುದಿಲ್ಲ. ಮಗು ಸೂರ್ಯನಿಗೆ ಕಪ್ಪು ಬಳಿದರೆ ಗಾಬರಿ ಬೇಡ. ಡಬ್ಬಿಯಲ್ಲಿ ಮುರಿಯದೆ ಉಳಿದ ಬಳಪ ಅದೊಂದೇ ಇರಬಹುದು. ‘ಇದೇನು ಬರೆದೆ, ಹೇಳು ಕಂದ’ ಎಂದು ಕೇಳಿ, ಸುಮ್ಮನೆ ಕೇಳಿಸಿಕೊಳ್ಳಿ.

ಮನೆಯ ಗೋಡೆಗೆ ನಿಮಗೆ ಇಷ್ಟವಾದ ಬಣ್ಣವನ್ನೇ ಬಳಿಸಿ, ಅದರಲ್ಲಿ ತಪ್ಪಿಲ್ಲ. ಮನಸ್ಸು ಭಾರವಾದ ಸಂಜೆ ಮಾತ್ರ ಮಕ್ಕಳ ಬಣ್ಣದ ಡಬ್ಬಿ ತೆಗೆದು ಇಪ್ಪತ್ತು ನಿಮಿಷ ಕೂತು ನೋಡಿ. ಚೆನ್ನಾಗಿ ಬರಬೇಕೆಂದಿಲ್ಲ, ಯಾರಿಗೂ ತೋರಿಸಬೇಕಾಗಿಲ್ಲ. ವಾರಗಟ್ಟಲೆ ನಿದ್ದೆ ಬರದಿದ್ದರೆ, ಬದುಕೇ ಬೇಡವೆನಿಸಿದರೆ, ಬಣ್ಣದ ಡಬ್ಬಿ ಸಾಲದು. ‘ಟೆಲಿ-ಮಾನಸ್’ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ಕಾಸು ಕೊಡಬೇಕಾಗಿಲ್ಲ.