ಶರೀರದ ಸಂದೇಶವಾಹಕಗಳೂ ರೋಗಚಿಕಿತ್ಸೆಯೂ

ಅನೇಕ ವರ್ಷಗಳ ಹಿಂದೆ ಹಲಸೂರಿನಿಂದ ನಮ್ಮ ಶಾಲೆಗೆ ಬರುತ್ತಿದ್ದ ಬಾಲಿಕೆಯೊಬ್ಬಳು ಬೇಸಗೆಯ ಸೆಕೆಯಲ್ಲಿಯೂ ಉದ್ದ ತೋಳಿನ ಅಂಗಿಯನ್ನೇ ತೊಡುತ್ತಿದ್ದಳು. ಅವಳ ಮೊಣಕೈಗಳ ಮೇಲೆ ಬೆಳ್ಳಿಯ ಬಣ್ಣದ ಪೊರೆಯೇಳುವ ಕೆಂಪು ಮಚ್ಚೆಗಳಿದ್ದುವು. ಅದು ಅಂಟುಜಾಡ್ಯವೆಂದು ಬಗೆದು ಜೊತೆಯವರು ಅವಳ ಬೆಂಚಿನಲ್ಲಿ ಕುಳಿತುಕೊಳ್ಳಲೊಲ್ಲದೆ ಹೋದರು. ನಾವು ಅವರನ್ನು ಗದರಿಸಲಿಲ್ಲ. ಏಕೆಂದರೆ ನಮಗೂ ಆಗ ತಿಳಿದಿರಲಿಲ್ಲ. ಆ ರೋಗದ ಹೆಸರು ಸೋರಿಯಾಸಿಸ್. ಅದು ಒಬ್ಬರಿಂದೊಬ್ಬರಿಗೆ ಅಂಟತಕ್ಕದ್ದಲ್ಲ. ಈ ಸಂಚಿಕೆಯು ಹಳೆಯ ವಿದ್ಯಾರ್ಥಿನಿಯರ ಮತ್ತು ತಂದೆತಾಯಿಗಳ ಕೈಸೇರುವುದರಿಂದ, ಅಂದು ಹೇಳಬೇಕಾಗಿದ್ದುದನ್ನು ಇಂದಾದರೂ ಹೇಳೋಣವೆಂದು ಈ ಲೇಖನಕ್ಕೆ ಕೈಯಿಕ್ಕಿರುವೆವು.

ರಕ್ತದಲ್ಲಿ ಬಿಳಿಯ ಕಣಗಳೆಂಬ ಕಾವಲುಗಾರರಿರುವುದನ್ನು ಶರೀರಶಾಸ್ತ್ರದ ಪಾಠದಲ್ಲಿ ಎಲ್ಲರೂ ಓದಿರುವರಷ್ಟೆ. ಈ ಕಣಗಳಿಗೆ ಬಾಯಿಯಿಲ್ಲ, ಕಿವಿಯಿಲ್ಲ. ಒಂದು ಕಡೆ ಶತ್ರು ನುಗ್ಗಿದ ಸುದ್ದಿಯು ಮತ್ತೊಂದು ಕಡೆಗೆ ಮುಟ್ಟುವುದು ಹೇಗೆ? ಕಣವು ಅತಿಸೂಕ್ಷ್ಮವಾದ ಸಸಾರಜನಕ ವಸ್ತುಗಳನ್ನು, ಎಂದರೆ ಪ್ರೋಟೀನುಗಳನ್ನು, ಹೊರಕ್ಕೆ ಬಿಡುವುದು. ಇವುಗಳಿಗೆ ಸೈಟೊಕೈನುಗಳೆಂದು ಹೆಸರು. ಇವು ಬೇರೆ ಕಣಗಳ ಮೈಮೇಲಿರುವ ಗ್ರಾಹಕಗಳಲ್ಲಿ, ಬೀಗಕ್ಕೆ ಬೀಗದ ಕೈ ಹೊಂದುವಂತೆ, ಹೊಂದಿಕೊಳ್ಳುವುವು. ಒಡನೆಯೇ ಆ ಕಣವು ಎಚ್ಚರಗೊಳ್ಳುವುದು, ಇಲ್ಲವೆ ಶಾಂತವಾಗುವುದು. ನಮ್ಮ ಶಾಲೆಯ ಗಂಟೆಯನ್ನು ನೆನೆದುಕೊಳ್ಳಿರಿ. ಬಾರಿಸುವ ಬಗೆಯಿಂದಲೇ ತರಗತಿಗೆ ಹೋಗಬೇಕೋ ಮನೆಗೆ ಹೋಗಬೇಕೋ ಎಂಬುದು ತಿಳಿಯುತ್ತಿದ್ದಿತಲ್ಲವೆ? ಸೋರಿಯಾಸಿಸ್ಸಿನಲ್ಲಿ ಶತ್ರುವಿಲ್ಲದಿದ್ದರೂ ಈ ಗಂಟೆ ಬಾರಿಸುತ್ತಲೇ ಇರುವುದು. ಸುಮಾರು ಒಂದು ತಿಂಗಳಲ್ಲಿ ಹೊಸದಾಗತಕ್ಕ ಮೇಲ್ದೊಗಲು ಕೆಲವೇ ದಿನಗಳಲ್ಲಿ ಹೊಸದಾಗಲು ಧಾವಿಸಿ, ಪೊರೆಪೊರೆಯಾಗಿ ಎದ್ದುಬರುವುದು.

ಇಂಥ ಸಂದೇಶವಾಹಕಗಳಲ್ಲಿ ಮೊದಲು ಪ್ರಸಿದ್ಧಿಗೆ ಬಂದವುಗಳಲ್ಲೊಂದು ಇಂಟರ್‌ಫೆರಾನ್. 1957ರಲ್ಲಿ ಲಂಡನ್ನಿನಲ್ಲಿ ಅಲಿಕ್ ಐಸಾಕ್ಸ್ ಮತ್ತು ಜಾನ್ ಲಿಂಡನ್‌ಮನ್ ಎಂಬವರು ಕೋಳಿಮೊಟ್ಟೆಯ ಒಳಪೊರೆಗೆ ಕಾಸಿ ನಿಸ್ಸತ್ವಗೊಳಿಸಿದ ಇನ್‌ಫ್ಲುಯೆಂಜಾ ವೈರಾಣುವನ್ನು ಸೇರಿಸಲಾಗಿ, ಆ ಪೊರೆಯು ಹೊರಬಿಟ್ಟ ಯಾವುದೋ ವಸ್ತು ಬೇರೆ ಕಣಗಳನ್ನು ಜೀವಂತ ವೈರಾಣುವಿನಿಂದ ರಕ್ಷಿಸಿತು. ಇದನ್ನೇ ಔಷಧವಾಗಿ ಚುಚ್ಚಿದರಾಗದೆ ಎಂದು ಆಗಲೇ ಆಸೆ ಹುಟ್ಟಿತು. ಆದರೆ ಸಾಕಷ್ಟು ಪ್ರಮಾಣದಲ್ಲಿ ತಯಾರಿಸುವುದಕ್ಕೆ ಬಹುಕಾಲ ಹಿಡಿಯಿತು. 1986ರಲ್ಲಿ ಅಮೆರಿಕದಲ್ಲಿ ಒಂದು ಬಗೆಯ ರಕ್ತದ ಅರ್ಬುದಕ್ಕೆ ಅದು ಅಂಗೀಕೃತವಾಯಿತು; ಮುಂದೆ ಯಕೃತ್ತಿನ ವೈರಾಣು ರೋಗಗಳಿಗೂ ಉಪಯೋಗಕ್ಕೆ ಬಂದಿತು. ಚುಚ್ಚಿಸಿಕೊಂಡವರಿಗೆ ಜ್ವರವೂ ಮೈಕೈನೋವೂ ಬರುತ್ತಿದ್ದುವು. ಇದರಲ್ಲಿ ಆಶ್ಚರ್ಯವಿಲ್ಲ, ನೆಗಡಿಜ್ವರದಲ್ಲಿ ನಮ್ಮನ್ನು ಹಾಸಿಗೆ ಹಿಡಿಸುವುದೂ ಬಹುಮಟ್ಟಿಗೆ ಇಂಥ ಸಂದೇಶಗಳೇ.

ಅರ್ಬುದದ ಚಿಕಿತ್ಸೆಯಿಂದ ಬಿಳಿಯ ಕಣಗಳು ಕುಗ್ಗಿಹೋದಾಗ ಅವುಗಳನ್ನು ಹೆಚ್ಚಿಸಲು ಜಿ-ಸಿ.ಎಸ್.ಎಫ್. ಎಂಬ ಇನ್ನೊಂದು ಸಂದೇಶವಾಹಕವನ್ನು ಇಂದು ನಮ್ಮ ನಗರದ ಆಸ್ಪತ್ರೆಗಳಲ್ಲಿಯೂ ಚುಚ್ಚುವರು. ಇದು ಗಂಟೆಯನ್ನು ಬಾರಿಸುವ ಚಿಕಿತ್ಸೆ. ಗಂಟೆಯ ನಾಲಗೆಯನ್ನು ಹಿಡಿದು ನಿಲ್ಲಿಸುವುದು ಮತ್ತೊಂದು ಬಗೆಯದು. ಸಂದೇಶವಾಹಕಕ್ಕಾಗಲಿ ಗ್ರಾಹಕಕ್ಕಾಗಲಿ ಅಂಟಿಕೊಳ್ಳುವ ಪ್ರತಿಕಾಯವನ್ನು ತಯಾರಿಸಿ ಕೊಟ್ಟರೆ, ಸುದ್ದಿ ಮುಂದಕ್ಕೆ ಹೋಗುವುದಿಲ್ಲ.

ಬೆಂಗಳೂರಿನ ಹೆಸರು ಈ ಕಥೆಯಲ್ಲಿ ಬರುವುದು ಇಲ್ಲಿಯೇ. ದಂಡಿನ ಬಿಷಪ್ ಕಾಟನ್ ಬಾಲಿಕಾ ಶಾಲೆಯಲ್ಲಿ ಓದಿದ ಶ್ರೀಮತಿ ಕಿರಣ್ ಮಜುಂದಾರ್ ಷಾ ಅವರು ಆಸ್ಟ್ರೇಲಿಯಕ್ಕೆ ಹೋಗಿ ಬಿಯರ್ ತಯಾರಿಸುವ ವಿದ್ಯೆಯನ್ನು ಕಲಿತು ಬಂದರು. (ನಮ್ಮ ಹಿರಿಯ ಉಪಾಧ್ಯಾಯಿನಿಯರು ಇದನ್ನು ಕೇಳಿ ಹುಬ್ಬು ಗಂಟಿಕ್ಕುತ್ತಿದ್ದರೇನೋ!) 1978ರಲ್ಲಿ ಅವರು ಮೋಟಾರು ಷೆಡ್ಡೊಂದರಲ್ಲಿ ಬಯೋಕಾನ್ ಕಂಪನಿಯನ್ನು ಆರಂಭಿಸಿದರು. ಪ್ರತಿಕಾಯಗಳನ್ನೂ ದೊಡ್ಡ ಉಕ್ಕಿನ ಪಾತ್ರೆಗಳಲ್ಲಿ ಜೀವಕಣಗಳನ್ನು ಬೆಳೆಯಿಸಿಯೇ ಪಡೆಯಬೇಕಾದುದರಿಂದ, ಹುದುಗು ಬರಿಸುವ ವಿದ್ಯೆಯು ಇದಕ್ಕೆ ದೂರದ ನೆಂಟನೇ ಸರಿ. ಕ್ಯೂಬಾ ದೇಶದ ವಿಜ್ಞಾನಿಗಳಿಂದ ಮೊದಲಾದ ಐಟೊಲಿಜುಮಾಬ್ ಎಂಬ ಪ್ರತಿಕಾಯವನ್ನು ಈ ಕಂಪನಿಯು ಬೆಳೆಯಿಸಿ, 2013ರಲ್ಲಿ ಸೋರಿಯಾಸಿಸ್ಸಿಗೆ ಔಷಧವಾಗಿ ಮಾರಾಟಕ್ಕೆ ತಂದಿತು. ಅದು ಬಿಳಿಯ ಕಣಗಳ ಮೇಲಿನ ಸಿಡಿ6 ಎಂಬ ಗ್ರಾಹಕವನ್ನು ಹಿಡಿದು, ಅವು ಸೈಟೊಕೈನುಗಳನ್ನು ಸುರಿಸುವುದನ್ನು ತಗ್ಗಿಸುವುದು.

2020ರ ಮಹಾಮಾರಿಯಲ್ಲಿ ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯು ಕೋವಿಡ್ ಆಸ್ಪತ್ರೆಯಾಗಿದ್ದುದನ್ನು ನಮ್ಮವರಾರೂ ಮರೆತಿಲ್ಲ. ವಿಷಮಿಸಿದ ಅನೇಕರಲ್ಲಿ ವೈರಾಣುವಿನಷ್ಟೇ ಅದರ ವಿರುದ್ಧ ಎದ್ದ ಸಂದೇಶಗಳ ಬಿರುಗಾಳಿಯೂ ಶ್ವಾಸಕೋಶಗಳನ್ನು ಕೆಡಿಸಿತು. ಆ ಜುಲೈ ತಿಂಗಳಲ್ಲಿ ಐಟೊಲಿಜುಮಾಬಿಗೆ ತುರ್ತುಬಳಕೆಯ ಅನುಮತಿ ದೊರೆಯಿತು. ಆದರೆ ಅದಕ್ಕೆ ಆಧಾರವಾದ ಪರೀಕ್ಷೆಯಲ್ಲಿ ಇದ್ದವರು ಕೇವಲ 30 ರೋಗಿಗಳು. ಕೇಂದ್ರದ ತಜ್ಞಮಂಡಲಿಯು ಅದನ್ನು ರಾಷ್ಟ್ರೀಯ ಚಿಕಿತ್ಸಾಕ್ರಮದಲ್ಲಿ ಸೇರಿಸಲಿಲ್ಲ. ಊರಿನ ಅಭಿಮಾನ ನಮಗೂ ಉಂಟು. ಆದರೂ ಮಂಡಲಿಯ ಪಕ್ಷವೇ ನಮಗೆ ಸರಿಯೆನಿಸುವುದು. ಇಂಟರ್‌ಲ್ಯೂಕಿನ್-6ರ ಗ್ರಾಹಕವನ್ನು ತಡೆಯುವ ಟೊಸಿಲಿಜುಮಾಬನ್ನು ಬ್ರಿಟನ್ನಿನಲ್ಲಿ 4,116 ರೋಗಿಗಳಲ್ಲಿ ಪರೀಕ್ಷಿಸಿದಾಗ, ಅದನ್ನು ಪಡೆದವರಲ್ಲಿ ನೂರಕ್ಕೆ 31 ಮಂದಿಯೂ ಪಡೆಯದವರಲ್ಲಿ 35 ಮಂದಿಯೂ ಮೃತರಾದರು. ಲಾಭವು ನಿಜ, ಆದರೆ ಅಲ್ಪ. ಇಷ್ಟು ಸಣ್ಣ ಅಂತರವನ್ನು 30 ಮಂದಿಯಲ್ಲಿ ಯಾರು ತಾನೆ ಕಾಣಬಲ್ಲರು?

ತಂದೆತಾಯಿಗಳು ಮುಖ್ಯವಾಗಿ ತಿಳಿಯತಕ್ಕ ವಿಷಯವೊಂದುಂಟು. ಗಂಟೆಯನ್ನು ಅಡಗಿಸಿದಲ್ಲಿ ನಿಜವಾದ ಕಳ್ಳನು ಬಂದಾಗಲೂ ಅದು ಬಾರಿಸದು. ಟಿ.ಎನ್.ಎಫ್. ಎಂಬ ಸಂದೇಶವಾಹಕವು ಕ್ಷಯದ ಕ್ರಿಮಿಗಳನ್ನು ಶ್ವಾಸಕೋಶದಲ್ಲಿ ಸುತ್ತುಗೋಡೆ ಕಟ್ಟಿ ಸೆರೆಯಿಡಲು ಬೇಕಾದುದು. ನಮ್ಮ ದೇಶದಲ್ಲಿ ಅನೇಕರ ಮೈಯಲ್ಲಿ ಈ ಕ್ರಿಮಿಗಳು ನಿದ್ರಿಸುತ್ತಿರುವುವು. ಟಿ.ಎನ್.ಎಫ್. ತಡೆಯುವ ಔಷಧವನ್ನು ಕೊಡುವುದಕ್ಕೆ ಮುಂಚೆ ಕ್ಷಯದ ಪರೀಕ್ಷೆಯನ್ನು ಮಾಡಿಸಿದ್ದೀರಾ ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಿರಿ.

ಹಲಸೂರಿನ ಆ ಬಾಲಿಕೆ ಈಗ ಕೃಷ್ಣರಾಜಪುರದಲ್ಲಿ ಇಬ್ಬರು ಮಕ್ಕಳ ತಾಯಿ. ಹಿಂದಿನ ವಾರ್ಷಿಕೋತ್ಸವಕ್ಕೆ ಗಿಡ್ಡ ತೋಳಿನ ರವಿಕೆಯನ್ನು ತೊಟ್ಟು ಬಂದಿದ್ದಳು. ಬೆಲೆಯ ದೆಸೆಯಿಂದ ಎರಡು ಸಲ ಚುಚ್ಚುಮದ್ದನ್ನು ತಪ್ಪಿಸಿದಾಗ ಮೊಣಕೈಯ ಮೇಲೆ ಮಚ್ಚೆಗಳು ಮರಳಿ ಕಾಣಿಸಿಕೊಂಡುವೆಂದೂ, ಈ ಸಲ ಅವುಗಳನ್ನು ಮುಚ್ಚಿಡಲಿಲ್ಲವೆಂದೂ ನಮಗೆ ಹೇಳಿದಳು.