ರೇಡಿಯೋ ಸ್ಕ್ಯಾನರಿನ ಶೋಧಕ: ಬೇಕಾದ ದನಿ, ಬೇಡದ ಗದ್ದಲ

ಮನೆಯ ಸಾಮಾನ್ಯ ರೇಡಿಯೋ ಒಂದು ನಿಲಯಕ್ಕೆ ತಿರುಗಿಸಿಟ್ಟರೆ ಅಲ್ಲಿಯೇ ನಿಲ್ಲುತ್ತದೆ. ಸ್ಕ್ಯಾನರ್ ಎಂಬ ಗ್ರಾಹಕಯಂತ್ರದ ರೀತಿ ಬೇರೆ. ಅದು ಸೂಚಿಸಿದ ಆವೃತ್ತಿಗಳನ್ನು ಒಂದೊಂದಾಗಿ ತಡಕುತ್ತ ಹೋಗಿ, ಸಂಕೇತ ದೊರೆತಲ್ಲಿ ನಿಂತು ಕೇಳಿಸುತ್ತದೆ. ಮಧ್ಯಮ ತರಂಗದಿಂದ ಹಿಡಿದು ಸಾವಿರ ಮೆಗಾಹರ್ಟ್ಸ್‌ನ ಆಚೆಗೂ ವ್ಯಾಪಿಸುವ ಸ್ಕ್ಯಾನರುಗಳುಂಟು. ಇಷ್ಟು ಅಗಲವಾದ ಬಾಗಿಲನ್ನು ತೆರೆದಿಟ್ಟ ಮನೆಗೆ ಕರೆದವರ ಜೊತೆಗೆ ಕರೆಯದವರೂ ನುಗ್ಗುವುದು ಸಹಜ. ಅವರನ್ನು ತಡೆಯುವ ಭಾಗವೇ ಶೋಧಕ, ಅಂದರೆ ಫಿಲ್ಟರು. ಈ ಪದವು ಕನ್ನಡಿಗರಿಗೆ ಕಾಫಿಯಿಂದಲೇ ಪರಿಚಿತವಾದರೂ ಇಲ್ಲಿ ಹಿಟ್ಟಿನ ಜರಡಿಯ ಹೋಲಿಕೆ ಹೆಚ್ಚು ಒಪ್ಪುತ್ತದೆ. ಜರಡಿಯ ಕಣ್ಣು ದೊಡ್ಡದಾದರೆ ಹೊಟ್ಟು ಉಳಿಯುತ್ತದೆ. ತೀರ ಸಣ್ಣದಾದರೆ ಹಿಟ್ಟೇ ಕೆಳಗಿಳಿಯುವುದಿಲ್ಲ.

ದುರ್ಬಲವಾದ ದನಿಯನ್ನು ಗದ್ದಲದಿಂದ ಬೇರ್ಪಡಿಸುವುದು ಬರಿಯ ಹವ್ಯಾಸದ ಮಾತಲ್ಲ. 2004ರ ಡಿಸೆಂಬರ್ 26ರಂದು ಸುನಾಮಿಯು ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳನ್ನು ಅಪ್ಪಳಿಸಿದಾಗ, ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆಯ ಭಾರತಿ ಪ್ರಸಾದ್ ಅವರು ತಮ್ಮ ತಂಡದೊಡನೆ ಪೋರ್ಟ್ ಬ್ಲೇರ್‌ನಲ್ಲಿದ್ದರು. ದೂರವಾಣಿಗಳು ಮೂಕವಾಗಿದ್ದ ಆ ದಿನಗಳಲ್ಲಿ ಬದುಕಿ ಉಳಿದ ಅನೇಕರ ಸುದ್ದಿ ಮುಖ್ಯಭೂಮಿಯ ಬಂಧುಗಳಿಗೆ ತಲುಪಿದ್ದು ಹವ್ಯಾಸಿ ರೇಡಿಯೋ ಮೂಲಕ. ಇಂಥ ಸಂದೇಶದಲ್ಲಿ ಒಂದು ಹೆಸರು ತಪ್ಪಾಗಿ ಕೇಳಿಸಿದರೂ ಎಲ್ಲಿಯೋ ಒಂದು ಮನೆಯಲ್ಲಿ ಗೋಳು ಏಳುತ್ತದೆ.

ಪ್ರತಿಯೊಂದು ಬಗೆಯ ಪ್ರಸಾರಕ್ಕೂ ಅದರದೇ ಆದ ಅಗಲವಿದೆ. ತಂತಿ ಭಾಷೆಯೆಂದು ಹಳಬರು ಕರೆಯುತ್ತಿದ್ದ ಮೋರ್ಸ್ ಸಂಕೇತಕ್ಕೆ 500 ಹರ್ಟ್ಸ್ ಅಗಲದ ಶೋಧಕ ಧಾರಾಳವಾಗಿ ಸಾಕು. ಹವ್ಯಾಸಿಗಳು ದೂರದ ಸಂಭಾಷಣೆಗೆ ಬಳಸುವ ಏಕಪಾರ್ಶ್ವ ಪ್ರಸಾರಕ್ಕೆ ಸುಮಾರು 2.4 ಕಿಲೋಹರ್ಟ್ಸ್ ಬೇಕು. ಕೈಯಲ್ಲಿ ಹಿಡಿಯುವ ವೈರ್‌ಲೆಸ್ ಸೆಟ್ಟುಗಳ ಮಾರ್ಗಗಳು 12.5 ಅಥವಾ 25 ಕಿಲೋಹರ್ಟ್ಸ್ ಅಂತರದಲ್ಲಿರುತ್ತವೆ. ಎಫ್.ಎಂ. ಸಂಗೀತ ನಿಲಯವೊಂದು ಸುಮಾರು 200 ಕಿಲೋಹರ್ಟ್ಸ್‌ನಷ್ಟು ಜಾಗವನ್ನು ಆಕ್ರಮಿಸುತ್ತದೆ. ಶೋಧಕದ ಅಗಲವನ್ನು ಅರ್ಧಕ್ಕೆ ಇಳಿಸಿದರೆ ಒಳಬರುವ ಹಿನ್ನೆಲೆಯ ಗದ್ದಲದ ಶಕ್ತಿಯೂ ಅರ್ಧಕ್ಕೆ ಇಳಿಯುತ್ತದೆ. ಇದನ್ನು ಕಂಡ ಹೊಸಬರು ಶೋಧಕವನ್ನು ಸದಾ ಅತಿ ಕಿರಿದಾಗಿಯೇ ಇಡಬೇಕೆಂದು ಭಾವಿಸುವುದುಂಟು. ಅದು ಸರಿಯಲ್ಲ. 25 ಕಿಲೋಹರ್ಟ್ಸ್ ಮಾರ್ಗದ ಪ್ರಸಾರವನ್ನು 12.5ರ ಶೋಧಕದಲ್ಲಿ ಕೇಳಿದರೆ, ಮಾತನಾಡುವವನು ದನಿ ಏರಿಸಿದಾಗಲೆಲ್ಲ ಸದ್ದು ಒಡೆದು ಚೂರಾಗುತ್ತದೆ.

ಹೊರನಾಡ ಕನ್ನಡಿಗರಿಗೆ ಆಪ್ತವಾದ ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. ಭಾರತದಲ್ಲಿ ಮಧ್ಯಮ ತರಂಗದ ನಿಲಯಗಳಿಗೆ 9 ಕಿಲೋಹರ್ಟ್ಸ್‌ಗೆ ಒಂದರಂತೆ ಜಾಗ ಹಂಚಲಾಗಿದೆ. ಬೆಂಗಳೂರು ಆಕಾಶವಾಣಿಗೆ 612, ಧಾರವಾಡಕ್ಕೆ 765 ಎಂಬ ಸಂಖ್ಯೆಗಳನ್ನು ಹಳೆಯ ಶ್ರೋತೃಗಳು ಮನೆಯ ಬಾಗಿಲ ಸಂಖ್ಯೆಯಂತೆ ನೆನಪಿಟ್ಟಿದ್ದರು. ಹಗಲಿನಲ್ಲಿ ಅಯಾನುಗೋಲದ ಕೆಳಪದರವು ಈ ಅಲೆಗಳನ್ನು ಹೀರಿಕೊಳ್ಳುವುದರಿಂದ ಅವು ಹೆಚ್ಚು ದೂರ ಸಾಗುವುದಿಲ್ಲ. ಸೂರ್ಯಾಸ್ತದ ನಂತರ ಆ ಪದರ ಕರಗುತ್ತದೆ. ಅಲೆಗಳು ಮೇಲಿನ ಪದರಕ್ಕೆ ತಗುಲಿ ನೂರಾರು ಮೈಲಿಗಳಾಚೆ ಇಳಿಯುತ್ತವೆ. ಮುಂಬಯಿಯಲ್ಲಿ ಕುಳಿತವರಿಗೆ ರಾತ್ರಿ ಬೆಂಗಳೂರು ಕೇಳಿಸುತ್ತಿದ್ದುದು ಹೀಗೆ. ಆದರೆ ಅದೇ ದಾರಿಯಲ್ಲಿ ನೆರೆಯ ಆವೃತ್ತಿಗಳಾದ 603 ಮತ್ತು 621ರ ನಿಲಯಗಳೂ ಬಂದಿಳಿಯುತ್ತವೆ.

621ರ ಸದ್ದು 612ರ ಮೇಲೆ ಚೆಲ್ಲುತ್ತಿದೆ ಎಂದುಕೊಳ್ಳೋಣ. ಮೊದಲ ಉಪಾಯ, ಶೋಧಕವನ್ನು 9ರಿಂದ 6 ಕಿಲೋಹರ್ಟ್ಸ್‌ಗೆ ಇಳಿಸುವುದು. ಆಗ ಯಂತ್ರವು 609ರಿಂದ 615ರವರೆಗಿನ ಭಾಗವನ್ನಷ್ಟೇ ಒಳಗೆ ಬಿಡುತ್ತದೆ. ಅಷ್ಟಕ್ಕೂ ತೊಂದರೆ ತೀರದಿದ್ದರೆ, ಶೋಧಕವನ್ನು ಹಾಗೆಯೇ ಬಿಟ್ಟು ಶ್ರುತಿಯನ್ನು 610ಕ್ಕೆ ಸರಿಸಬೇಕು. ಈಗ ತೆರೆದಿರುವ ಕಿಂಡಿ 607ರಿಂದ 613ರವರೆಗೆ. ಈ ಬಗೆಯ ಪ್ರಸಾರದಲ್ಲಿ ನಡುವಿನ ವಾಹಕ ಅಲೆಯ ಎರಡು ಪಕ್ಕಗಳಲ್ಲಿಯೂ ಒಂದೇ ಮಾತು ಎರಡು ಪ್ರತಿಗಳಾಗಿ ಇರುವುದರಿಂದ, ಕೆಟ್ಟುಹೋದ ಪಕ್ಕವನ್ನು ಬಿಟ್ಟು ಒಳ್ಳೆಯದನ್ನು ಕೇಳಿದರೂ ನಷ್ಟವಿಲ್ಲ. ದನಿ ಸ್ವಲ್ಪ ತೆಳುವಾಗಿ, ಕೆಲವೊಮ್ಮೆ ಕರ್ಕಶವಾಗಿ ಕೇಳಿಸಬಹುದು. ವಾರ್ತೆಗೆ ಅದು ಅಡ್ಡಿಯಲ್ಲ. ವೀಣಾವಾದನಕ್ಕೆ ಮಾತ್ರ ಅನ್ಯಾಯವೇ ಸರಿ. ಇತ್ತೀಚಿನ ವರ್ಷಗಳಲ್ಲಿ ದೇಶದ ಹಲವು ಮಧ್ಯಮ ತರಂಗ ಪ್ರೇಷಕಗಳು ಮುಚ್ಚಿವೆ, ಕೆಲವು ಡಿಜಿಟಲ್ ವಿಧಾನಕ್ಕೆ ಬದಲಾಗಿವೆ. ಡಿಜಿಟಲ್ ಪ್ರಸಾರವು ಸಾಧಾರಣ ಗ್ರಾಹಕದಲ್ಲಿ ಒಂದೇ ಸಮನೆ ಸುಯ್ಯೆನ್ನುವ ಸದ್ದಾಗಿ ಕೇಳಿಸುತ್ತದೆ. ಅದನ್ನು ಗದ್ದಲವೆಂದು ಬಗೆದು ಶೋಧಕವನ್ನು ಎಷ್ಟು ತಿರುಗಿಸಿದರೂ ಮಾತು ಹೊರಡುವುದಿಲ್ಲ.

ಮಹಾನಗರಗಳಲ್ಲಿ ತೊಂದರೆಯ ಸ್ವರೂಪವೇ ಬೇರೆ. ಅಲ್ಲಿ ಕೊರತೆಯಿರುವುದು ಸಂಕೇತಕ್ಕಲ್ಲ; ಸಂಕೇತಗಳ ಅತಿರೇಕವೇ ಪೀಡೆ. ಎಫ್.ಎಂ. ಗೋಪುರದ ಸಮೀಪದ ಮನೆಯಲ್ಲಿ ಸ್ಕ್ಯಾನರಿನ ಮೊದಲ ಹಂತವೇ ತತ್ತರಿಸಿ, ಇಲ್ಲದ ಆವೃತ್ತಿಗಳಲ್ಲಿ ಹಾಡುಗಳನ್ನು ಹುಟ್ಟಿಸುತ್ತದೆ. ಒಳಗಿನ ಕಿರಿದಾದ ಶೋಧಕ ಇಲ್ಲಿ ನಿರುಪಯೋಗಿ, ಏಕೆಂದರೆ ಹಾನಿಯು ಅದಕ್ಕಿಂತ ಮೊದಲೇ ಆಗಿಹೋಗಿರುತ್ತದೆ. ಇಂಥಲ್ಲಿ ಆಂಟೆನಾ ಮತ್ತು ಯಂತ್ರದ ನಡುವೆ 88ರಿಂದ 108 ಮೆಗಾಹರ್ಟ್ಸ್‌ನ ಪಟ್ಟಿಯನ್ನು ತಡೆಯುವ ಪ್ರತ್ಯೇಕ ಶೋಧಕವನ್ನು ಜೋಡಿಸಬೇಕು, ಇಲ್ಲವೇ ಬರುವ ಸಂಕೇತವನ್ನೆಲ್ಲ ತಗ್ಗಿಸುವ ಅಟೆನ್ಯುಯೇಟರ್ ಗುಂಡಿಯನ್ನು ಒತ್ತಬೇಕು. ಸಂಕೇತವನ್ನು ತಗ್ಗಿಸಿದರೆ ದನಿ ತಿಳಿಯಾಗುವುದು ವಿಚಿತ್ರವೆನಿಸಿದರೂ ನಿಜ. ಕೇಳಿಸಲಿಲ್ಲವೆಂದು ಮೊದಲು ಆಂಪ್ಲಿಫೈಯರ್ ಕೊಳ್ಳಲು ಓಡುವವರು ಹಣ ಕೊಟ್ಟು ಗದ್ದಲವನ್ನೇ ಹಿಗ್ಗಿಸಿಕೊಳ್ಳುತ್ತಾರೆ.

ಇನ್ನೊಂದು ಬಗೆಯ ಕಳ್ಳದಾರಿಗೆ ಬಿಂಬ ಆವೃತ್ತಿ ಎಂದು ಹೆಸರು. ಬಹುಪಾಲು ಗ್ರಾಹಕಗಳು ಹೊರಗಿನಿಂದ ಬಂದ ಅಲೆಗೆ ತಮ್ಮೊಳಗೆ ಹುಟ್ಟಿಸಿದ ಇನ್ನೊಂದು ಅಲೆಯನ್ನು ಬೆರೆಸಿ, ಎರಡರ ಅಂತರವಾಗಿ ದೊರೆಯುವ ಮಧ್ಯಂತರ ಆವೃತ್ತಿಯನ್ನು ಶೋಧಿಸುತ್ತವೆ. ಆ ಅಂತರವು 10.7 ಮೆಗಾಹರ್ಟ್ಸ್ ಎಂದಿಟ್ಟುಕೊಳ್ಳೋಣ. 145 ಮೆಗಾಹರ್ಟ್ಸ್‌ನಲ್ಲಿರುವ ಹವ್ಯಾಸಿಯ ಮಾತನ್ನು ಕೇಳಲು ಯಂತ್ರವು ಒಳಗೆ 134.3ನ್ನು ಹುಟ್ಟಿಸಿದರೆ, 123.6ರ ಸಂಕೇತಕ್ಕೂ ಅಂತರ ಅಷ್ಟೇ. ಅದು ವಿಮಾನ ಸಂಪರ್ಕದ ಪಟ್ಟಿ. ಅಲ್ಲಿನ ಪ್ರಬಲ ಸಂಕೇತವು 145ರಲ್ಲಿ ತಾನೂ ಇರುವಂತೆ ನಟಿಸುತ್ತದೆ. ಒಳಗಿನ ಅಲೆಯನ್ನು ಇನ್ನೊಂದು ಪಕ್ಕಕ್ಕೆ, 155.7ಕ್ಕೆ ಒಯ್ದರೆ ಬಿಂಬವು 166.4ಕ್ಕೆ ಹಾರುತ್ತದೆ. ಅಲ್ಲಿ ಪ್ರಬಲ ಪ್ರೇಷಕವಿಲ್ಲದಿದ್ದರೆ 145 ತಿಳಿಯಾಗುತ್ತದೆ. ಕೆಲವು ಹೊಸ ಸ್ಕ್ಯಾನರುಗಳಲ್ಲಿ ‘ನಾರ್ಮಲ್’, ‘ಇನ್ವರ್ಟ್’, ‘ಆಟೋ’ ಎಂಬ ಆಯ್ಕೆಗಳಿರುವುದು ಇಂಥ ಪಕ್ಕ ಬದಲಾವಣೆಯ ಅನುಕೂಲಕ್ಕಾಗಿಯೇ. ಇವುಗಳಲ್ಲಿ ಯಾವುದು ಶ್ರೇಷ್ಠವೆಂಬ ಪ್ರಶ್ನೆಗೆ ಉತ್ತರವಿಲ್ಲ. ಚೆಂಬೂರಿನಲ್ಲಿ ಒಪ್ಪುವ ಆಯ್ಕೆ ಠಾಣೆಯಲ್ಲಿ ಕೈಕೊಡಬಹುದು, ಏಕೆಂದರೆ ಎರಡು ಕಡೆಯ ಪ್ರಬಲ ಪ್ರೇಷಕಗಳು ಬೇರೆ ಬೇರೆ. ಒಂದೇ ಪ್ರಸಾರವನ್ನು ಆಯ್ದುಕೊಂಡು, ಆಂಟೆನಾವನ್ನು ಅಲುಗಿಸದೆ, ಪ್ರತಿ ಆಯ್ಕೆಯಲ್ಲಿಯೂ ಕೆಲವು ನಿಮಿಷ ಕೇಳಿ ಬರೆದಿಟ್ಟುಕೊಳ್ಳುವುದೇ ನಂಬಬಹುದಾದ ಕ್ರಮ. ಒಮ್ಮೆಗೆ ಎರಡು ಗುಂಡಿ ತಿರುಗಿಸಿದವರಿಗೆ ಗುಣ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ.

ಶೋಧಕಕ್ಕೆ ಮೀರಿದ ಗದ್ದಲವೂ ಉಂಟು. ಎಲ್.ಇ.ಡಿ. ದೀಪ, ಮೊಬೈಲ್ ಚಾರ್ಜರ್‌ಗಳಿಂದ ಹೊಮ್ಮುವ ಕರಕರ ಸದ್ದು ಬೇಕಾದ ಆವೃತ್ತಿಯ ಮೇಲೆಯೇ ಕುಳಿತಿರುತ್ತದೆ. ಮನೆಯ ಉಪಕರಣಗಳನ್ನು ಒಂದೊಂದಾಗಿ ಆರಿಸಿ ನೋಡುವುದೊಂದೇ ಇದಕ್ಕೆ ದಾರಿ.

ಸ್ಕ್ಯಾನರ್ ಕೊಳ್ಳುವವರು ಕಾನೂನನ್ನೂ ಗಮನಿಸಬೇಕು. ಪರವಾನಗಿಯಿಲ್ಲದೆ ವೈರ್‌ಲೆಸ್ ಉಪಕರಣವನ್ನು ಇಟ್ಟುಕೊಳ್ಳುವುದನ್ನು 1933ರ ಭಾರತೀಯ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯೇ ನಿರ್ಬಂಧಿಸಿತ್ತು. ಪರರ ಸಂದೇಶಗಳನ್ನು ಅಕ್ರಮವಾಗಿ ಕದ್ದು ಕೇಳುವುದು 2023ರ ದೂರಸಂಪರ್ಕ ಕಾಯ್ದೆಯಲ್ಲಿ ಶಿಕ್ಷಾರ್ಹ ಅಪರಾಧವಾಗಿದೆ. ಸಾರ್ವಜನಿಕರಿಗಾಗಿಯೇ ನಡೆಯುವ ಆಕಾಶವಾಣಿಯ ಪ್ರಸಾರ ಕೇಳಲು ಅಡ್ಡಿಯಿಲ್ಲ. ಪೊಲೀಸ್, ವಿಮಾನ ಮೊದಲಾದ ಸೇವೆಗಳ ಮಾರ್ಗಗಳು ಆ ಸಾಲಿಗೆ ಸೇರಿದವಲ್ಲ. ಹವ್ಯಾಸಿ ರೇಡಿಯೋದಲ್ಲಿ ಆಸಕ್ತಿಯಿರುವವರು ದೂರಸಂಪರ್ಕ ಇಲಾಖೆಯ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ ಪರವಾನಗಿ ಪಡೆಯಬಹುದು.