ಒಂದೇ ಕಂಬ, ಎರಡು ಲಿಪಿ

ಗದಗಿನ ರೈಲು ನಿಲ್ದಾಣದ ಫಲಕದಲ್ಲಿ ಊರ ಹೆಸರನ್ನು ಕನ್ನಡ, ಹಿಂದಿ, ಇಂಗ್ಲಿಷುಗಳಲ್ಲಿ ಕಾಣುತ್ತೇವೆ. ಇಂಥ ಏರ್ಪಾಡು ರೈಲಿನೊಡನೆ ಬಂದುದೆಂದು ವಿದ್ಯಾರ್ಥಿಗಳು ಭಾವಿಸಬಾರದು. ಪಟ್ಟದಕಲ್ಲಿನಲ್ಲಿ ಕ್ರಿ.ಶ. 754ರ ಕಂಬವೊಂದಿದೆ. ಅದನ್ನು ನಿಲ್ಲಿಸಿದ ಜ್ಞಾನಶಿವಾಚಾರ್ಯನು ಗಂಗೆಯ ಉತ್ತರ ತೀರದಿಂದ ವಲಸೆ ಬಂದವನು. ಒಂದೇ ಸಂಸ್ಕೃತ ಒಕ್ಕಣೆಯನ್ನು ಅದರ ಮೇಲೆ ಎರಡು ಸಲ ಕೊರೆಯಲಾಗಿದೆ: ಒಮ್ಮೆ ಉತ್ತರದ ಸಿದ್ಧಮಾತೃಕಾ ಲಿಪಿಯಲ್ಲಿ, ಒಮ್ಮೆ ಇಲ್ಲಿಯ ಕನ್ನಡ ಲಿಪಿಯಲ್ಲಿ. ಭಾಷೆ ಒಂದೇ, ಓದುವ ಕಣ್ಣುಗಳು ಎರಡು ಬಗೆಯವು. ಇಷ್ಟು ಶ್ರಮಕ್ಕೆ ಬೇರೆ ಕಾರಣ ನಮಗೆ ತೋರದು.

ನಮ್ಮ ಡಂಬಳದ 1095ರ ಶಾಸನ ಇನ್ನೊಂದು ಹಾದಿ ಹಿಡಿಯಿತು. ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರದ ದತ್ತಿ ಅದರ ವಿಷಯ. ಬುದ್ಧನೂ ತಾರಾದೇವಿಯೂ ಉತ್ತರದಿಂದ ಬಂದವರು. ದತ್ತಿಯ ವಿವರ ಮಾತ್ರ ಕನ್ನಡದಲ್ಲಿ. ಊರವರು ಓದಲಾರದ ದತ್ತಿಯನ್ನು ಕಬಳಿಸುವುದು ಸುಲಭವಷ್ಟೆ!